ಮಗ್ಗದ ಮುಂದೆ ಕುಳಿತ ಸಂತ
ಸಂತರ ಬದುಕು ಮತ್ತು ನಮ್ಮ ಕಾಲದ ಕಲೆ

ನಮ್ಮ ಸಮಾಜದ ಮನೆಗಳಿಗೆ ಹೋದ ಅತಿಥಿಯ ಕಣ್ಣಿಗೆ ಮೊದಲು ಬೀಳುವುದು ಪಡಸಾಲೆಯ ಗೋಡೆಯ ಮೇಲಿನ ಬಸವಣ್ಣನವರ ಭಾವಚಿತ್ರ. ಹಣೆಯಲ್ಲಿ ಮೂರೆಳೆಯ ವಿಭೂತಿ, ಕೊರಳಲ್ಲಿ ರುದ್ರಾಕ್ಷಿ, ಮಂತ್ರಿಪದವಿಗೆ ಒಪ್ಪುವ ಶಿರೋಭೂಷಣ, ಪ್ರಸನ್ನವಾದ ನೋಟ. ಮಕ್ಕಳು ಪರೀಕ್ಷೆಗೆ ಹೊರಡುವ ಮುನ್ನ ಆ ಚಿತ್ರಕ್ಕೆ ಕೈಮುಗಿಯುತ್ತಾರೆ. ಬಸವ ಜಯಂತಿಯಂದು ಅದೇ ಚಿತ್ರ ಹೂಮಾಲೆ ಧರಿಸಿ ಮೆರವಣಿಗೆಯಲ್ಲಿ ಸಾಗುತ್ತದೆ. ೨೦೨೪ರ ಜನವರಿಯಲ್ಲಿ ಕರ್ನಾಟಕ ಸರ್ಕಾರವು ಬಸವಣ್ಣನವರನ್ನು ನಾಡಿನ ಸಾಂಸ್ಕೃತಿಕ ನಾಯಕರೆಂದು ಘೋಷಿಸಿದ ಮೇಲೆ ಸರ್ಕಾರಿ ಕಚೇರಿಗಳ ಗೋಡೆಗಳ ಮೇಲೂ ಅವರ ಭಾವಚಿತ್ರ ಸ್ಥಾನ ಪಡೆಯಿತು. ಮನೆಯಿಂದ ಕಚೇರಿಯವರೆಗೆ ನಾವು ದಿನವೂ ಕಾಣುವ ಈ ಮುಖ ಯಾರು ಕಂಡ ಮುಖ?

ಪ್ರಶ್ನೆ ಅಪಚಾರದ್ದಲ್ಲ. ಹನ್ನೆರಡನೆಯ ಶತಮಾನದಲ್ಲಿ ಬಸವಣ್ಣನವರನ್ನು ಎದುರಿಗೆ ಕೂರಿಸಿಕೊಂಡು ಯಾರಾದರೂ ಬರೆದ ಚಿತ್ರ ನಮಗೆ ಉಳಿದುಬಂದಿಲ್ಲ. ಹರಿಹರನ ರಗಳೆ, ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣ, ೧೩೬೯ರಲ್ಲಿ ಭೀಮಕವಿ ರಚಿಸಿದ ಕನ್ನಡ ಬಸವಪುರಾಣ, ಇವೆಲ್ಲವೂ ಆ ಮಹಾತ್ಮನ ಭಕ್ತಿಯನ್ನೂ ದಾಸೋಹವನ್ನೂ ಕಣ್ಣಿಗೆ ಕಟ್ಟುವಂತೆ ಹೇಳುತ್ತವೆಯೇ ಹೊರತು ಮೂಗು ಹೀಗಿತ್ತು, ಮೀಸೆ ಹೀಗಿತ್ತು ಎಂದು ಚಿತ್ರಗಾರನಿಗೆ ನೆರವಾಗುವ ವಿವರ ಕೊಡುವುದಿಲ್ಲ. ಇಂದು ನಾವು ಪೂಜಿಸುವ ಮುಖ ಅಚ್ಚಿನ ಯುಗದ ಕೊಡುಗೆ. ರಾಜಾ ರವಿವರ್ಮ ೧೮೯೪ರಲ್ಲಿ ಮುಂಬಯಿಯಲ್ಲಿ ಶಿಲಾಮುದ್ರಣದ ಅಚ್ಚುಕೂಟ ತೆರೆದ ಮೇಲೆ ದೇವದೇವತೆಗಳು ಬಣ್ಣದ ಹಾಳೆಗಳಾಗಿ ಬಡವರ ಗುಡಿಸಲಿಗೂ ಬಂದರು. ಆ ಮಾದರಿಯನ್ನೇ ಹಿಡಿದು ಮುಂದೆ ಕ್ಯಾಲೆಂಡರುಗಳೂ ಕನ್ನಡಿ ಕಟ್ಟಿಸಿದ ಪಟಗಳೂ ಸಂತರಿಗೆ ಮುಖ ಕೊಟ್ಟವು. ಕನ್ನಡದ 'ಭಾವಚಿತ್ರ' ಎಂಬ ಮಾತು ಇಲ್ಲಿ ಬಹಳ ಸಮರ್ಪಕವಾದುದು. ಇದ್ದ ಮುಖದ ನಕಲು ಎಂಬುದಕ್ಕಿಂತ, ಭಾವಿಸಿದ ಮುಖದ ಚಿತ್ರ ಎಂಬ ಅರ್ಥ ಅದರೊಳಗೇ ಅಡಗಿದೆ.

ಹಾಗಿದ್ದರೆ ಸಂತನನ್ನು ಭಾವಿಸುವ ಹಕ್ಕು ಯಾರದು? ಭಕ್ತನದೋ, ಕಲಾವಿದನದೋ? ನಮ್ಮ ಕಾಲದ ಚಿತ್ರಕಾರ, ನಾಟಕಕಾರ, ಚಲನಚಿತ್ರ ನಿರ್ದೇಶಕ ಸಂತನನ್ನು ಮುಟ್ಟಿದಾಗಲೆಲ್ಲ ಭಕ್ತರಲ್ಲಿ ಒಂದು ಆತಂಕ, ಕಲಾವಿದರಲ್ಲಿ ಒಂದು ಅಳುಕು ಕಾಣಿಸಿಕೊಳ್ಳುವುದುಂಟು. ಈ ವಿಷಯವನ್ನು ಬರಿಯ ಮಾತಿನಲ್ಲಿ ಚರ್ಚಿಸುವುದಕ್ಕಿಂತ ಒಂದು ಗೋಡೆಯ ಮುಂದೆ ನಿಂತು ನೋಡುವುದು ಉತ್ತಮ. ಆ ಗೋಡೆ ಇರುವುದು ನಮ್ಮ ನಾಡಿನಲ್ಲಲ್ಲ, ಬಂಗಾಳದ ಶಾಂತಿನಿಕೇತನದಲ್ಲಿ.

ಹಿಂದಿ ಭವನದ ಭಿತ್ತಿಚಿತ್ರ

ರವೀಂದ್ರನಾಥ ಠಾಕೂರರ ವಿಶ್ವಭಾರತಿಯಲ್ಲಿ ಹಿಂದಿ ಭವನವೆಂಬ ಒಂದು ಕಟ್ಟಡವಿದೆ. ದೀನಬಂಧು ಆಂಡ್ರೂಸರು ೧೯೩೮ರಲ್ಲಿ ಅದರ ಶಂಕುಸ್ಥಾಪನೆ ಮಾಡಿದರು. ಮರುವರ್ಷ ಜವಾಹರಲಾಲ ನೆಹರೂ ಅವರಿಂದ ಉದ್ಘಾಟನೆಯಾಯಿತು. ಕಬೀರರ ಮೇಲೆ ಪ್ರಮಾಣಗ್ರಂಥವೆನಿಸಿದ ಪುಸ್ತಕ ಬರೆದ ಹಜಾರೀಪ್ರಸಾದ ದ್ವಿವೇದಿಯವರು ಕಾರ್ಯನಿರ್ವಹಿಸಿದ್ದು ಇಲ್ಲಿಯೇ. ಅವರಿಗಿಂತ ಮೊದಲೇ ೧೯೦೮ರಲ್ಲಿ ಶಾಂತಿನಿಕೇತನಕ್ಕೆ ಬಂದಿದ್ದ ಕ್ಷಿತಿಮೋಹನ ಸೇನರು ಸಾಧುಗಳ ಬಾಯಿಂದ ಕಬೀರರ ಪದಗಳನ್ನು ಸಂಗ್ರಹಿಸಿದ್ದರು. ಅವುಗಳಲ್ಲಿ ನೂರನ್ನು ರವೀಂದ್ರರು ಇಂಗ್ಲಿಷಿಗೆ ತಂದಿದ್ದರು. ಹೀಗೆ ಸಂತವಾಣಿಯ ಅಧ್ಯಯನ ಆ ಆಶ್ರಮದ ಗಾಳಿಯಲ್ಲೇ ಬೆರೆತಿತ್ತು ಎನ್ನಬೇಕು.

ಆ ಭವನದ ಸಭಾಂಗಣದ ಮೂರು ಗೋಡೆಗಳ ಮೇಲ್ಭಾಗದಲ್ಲಿ, ಒಟ್ಟು ಎಪ್ಪತ್ತು ಅಡಿಗೂ ಮಿಕ್ಕಿದ ಉದ್ದಕ್ಕೆ, ಮಧ್ಯಯುಗದ ಸಂತರ ಬದುಕನ್ನು ಚಿತ್ರಿಸಿದವರು ಬಿನೋದಬಿಹಾರಿ ಮುಖರ್ಜಿ. ಕಾಲ ೧೯೪೬-೪೭. ಕಲಕತ್ತೆಯ ಬೀದಿಗಳಲ್ಲಿ ೧೯೪೬ರ ಆಗಸ್ಟ್ ತಿಂಗಳಲ್ಲಿ ಹಿಂದೂ ಮುಸಲ್ಮಾನರ ರಕ್ತ ಹರಿದಿತ್ತು. ದೇಶ ಎರಡಾಗುವ ಮಾತು ಎಲ್ಲರ ಬಾಯಲ್ಲಿತ್ತು. ಅಂತಹ ವರ್ಷದಲ್ಲಿ ಒಬ್ಬ ಚಿತ್ರಕಾರ ಅಟ್ಟಣಿಗೆ ಹತ್ತಿ ರಾಮಾನುಜ, ಕಬೀರ, ಸೂರದಾಸ, ತುಳಸೀದಾಸ, ಗುರು ಗೋವಿಂದಸಿಂಹ ಇವರನ್ನು ಒಂದೇ ಪ್ರವಾಹದಲ್ಲಿ ತರುವ ಕೆಲಸಕ್ಕೆ ಕೈಹಚ್ಚಿದರು. ಅವರು ಭಾಷಣ ಮಾಡಲಿಲ್ಲ, ಕರಪತ್ರ ಹಂಚಲಿಲ್ಲ. ಗೋಡೆಗೆ ಗಿಲಾವು ಮಾಡಿಸಿ ಬಣ್ಣ ಕಲಸಿದರು.

ಬಿನೋದಬಿಹಾರಿ ಹುಟ್ಟಿದ್ದು ೧೯೦೪ರಲ್ಲಿ. ಹುಟ್ಟಿನಿಂದಲೇ ಒಂದು ಕಣ್ಣಿಗೆ ದೃಷ್ಟಿಯಿಲ್ಲ. ಇನ್ನೊಂದಕ್ಕೆ ತೀವ್ರವಾದ ಸಮೀಪದೃಷ್ಟಿ. ೧೯೧೯ರಲ್ಲಿ ಕಲಾಭವನವನ್ನು ಸೇರಿ ನಂದಲಾಲ ಬೋಸರ ಶಿಷ್ಯರಾದರು. ಮುಂದೆ ಅಲ್ಲಿಯೇ ಅಧ್ಯಾಪಕರಾದರು. ೧೯೩೭-೩೮ರಲ್ಲಿ ಜಪಾನಿಗೆ ಹೋಗಿ ಅಲ್ಲಿಯ ಕುಂಚದ ವಿದ್ಯೆಯನ್ನು ಹತ್ತಿರದಿಂದ ಕಂಡುಬಂದರು. ಇಷ್ಟು ಕ್ಷೀಣದೃಷ್ಟಿಯ ಮನುಷ್ಯನಿಗೆ ಇಡೀ ಗೋಡೆಯನ್ನು ಒಂದೇ ನೋಟದಲ್ಲಿ ತುಂಬಿಕೊಳ್ಳುವುದು ದುಸ್ಸಾಧ್ಯವೇ ಆಗಿದ್ದಿರಬೇಕು. ಆದರೂ ಅವರು ಆರಿಸಿಕೊಂಡ ಮಾಧ್ಯಮ ಎಲ್ಲಕ್ಕಿಂತ ಕಠಿಣವಾದುದು.

ಹಸಿ ಗಿಲಾವಿನ ಚಿತ್ರಕಲೆಯ ಕ್ರಮವನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. ಸುಣ್ಣ ಮರಳಿನ ಗಾರೆಯನ್ನು ಗೋಡೆಗೆ ಬಳಿದು, ಅದು ಇನ್ನೂ ಹಸಿಯಾಗಿರುವಾಗಲೇ ನೀರಿನಲ್ಲಿ ಅರೆದ ಬಣ್ಣದಿಂದ ಬರೆಯಬೇಕು. ಅಂಟು, ಎಣ್ಣೆ ಏನೂ ಬೇಡ. ಸುಣ್ಣ ಒಣಗುತ್ತ ಗಾಳಿಯ ಸಂಪರ್ಕದಿಂದ ಕಲ್ಲಿನಂತೆ ಗಟ್ಟಿಯಾಗುವಾಗ ಬಣ್ಣವನ್ನು ತನ್ನೊಳಗೇ ಹಿಡಿದುಕೊಂಡುಬಿಡುತ್ತದೆ. ಆದ್ದರಿಂದ ಒಂದು ದಿನಕ್ಕೆ ಎಷ್ಟು ಬರೆಯಬಲ್ಲರೋ ಅಷ್ಟೇ ಜಾಗಕ್ಕೆ ಗಾರೆ ಬಳಿಯಬೇಕು. ತಪ್ಪಿದ ಗೆರೆಯನ್ನು ಅಳಿಸುವಂತಿಲ್ಲ. ಬೇಡವೆನಿಸಿದರೆ ಆ ಭಾಗದ ಗಾರೆಯನ್ನೇ ಕಿತ್ತು ಮತ್ತೆ ಬಳಿಯಬೇಕು. ಸಾಮಾನ್ಯವಾಗಿ ಚಿತ್ರಕಾರರು ಗೋಡೆಯಷ್ಟೇ ದೊಡ್ಡ ಕಾಗದದ ಮೇಲೆ ಮೊದಲು ನಕ್ಷೆ ಬರೆದು, ಅದನ್ನು ಗೋಡೆಗೆ ಇಳಿಸಿಕೊಂಡು ಬಣ್ಣ ತುಂಬುತ್ತಾರೆ. ಬಿನೋದಬಿಹಾರಿ ಅದನ್ನೂ ಮಾಡಲಿಲ್ಲ. ಸಣ್ಣ ಕರಡು ಚಿತ್ರಗಳ ಆಧಾರದ ಮೇಲೆ ನೇರವಾಗಿ ಹಸಿ ಗೋಡೆಯ ಮೇಲೆ ಕುಂಚವಾಡಿಸಿದರು. ನೆರವಿಗೆ ಪತ್ನಿ ಲೀಲಾ ಅವರೂ, ಮುಂದೆ ದೊಡ್ಡ ಕಲಾವಿದರೆಂದು ಹೆಸರಾದ ಕೆ. ಜಿ. ಸುಬ್ರಹ್ಮಣ್ಯನ್ ಅವರಂತಹ ಶಿಷ್ಯರೂ ಇದ್ದರು.

ಚಿತ್ರದಲ್ಲಿ ಏನಿದೆ? ಮೊದಲ ನೋಟಕ್ಕೆ ಜನ, ಬರಿಯ ಜನ. ಮಣ್ಣಿನ ಬಣ್ಣದ, ಹಸುರು ಮಿಶ್ರಿತ ಕಂದು ಛಾಯೆಯ ನೀಳವಾದ ಆಕೃತಿಗಳು ಒಂದರ ಪಕ್ಕ ಒಂದು ಒತ್ತಿಕೊಂಡು ನಿಂತಿವೆ, ನಡೆಯುತ್ತಿವೆ, ದುಡಿಯುತ್ತಿವೆ. ಬೆಟ್ಟಸೀಮೆಯಿಂದ ಇಳಿದ ನದಿಯೊಂದು ಊರು, ಘಟ್ಟ, ಸಂತೆಗಳನ್ನು ದಾಟಿ ಹರಿಯುವ ಹಾಗೆ ಈ ಜನಸಮೂಹ ಒಂದು ಗೋಡೆಯಿಂದ ಇನ್ನೊಂದಕ್ಕೆ ಸಾಗುತ್ತದೆ. ಸ್ವಲ್ಪ ಹೊತ್ತು ನೋಡಿದ ಮೇಲೆ ಆ ಜನರ ನಡುವೆ ಸಂತರು ಗೋಚರಿಸುತ್ತಾರೆ. ರಾಮಾನುಜರು ಎತ್ತರವಾಗಿ ನಿಂತಿದ್ದಾರೆ. ಕಬೀರರು ಮಗ್ಗದ ಮುಂದೆ ಕುಳಿತು ನೇಯುತ್ತಿದ್ದಾರೆ. ಸುತ್ತಲೂ ಅವರದೇ ಓಣಿಯ ಜನ. ತುಳಸೀದಾಸರು ಕಾಶಿಯ ಲೋಕದ ನಡುವೆ ಇದ್ದಾರೆ. ಪವಾಡಗಳಿಗೆ ಇಲ್ಲಿ ಪ್ರಾಧಾನ್ಯವಿಲ್ಲ. ಸಂತನ ಮಾತಿನಿಂದ ಬದುಕು ಕಟ್ಟಿಕೊಂಡವರಿಗೂ ಸಂತನಿಗೂ ನಡುವೆ ಒಂದು ಗೆರೆ ಎಳೆದು ಬೇರ್ಪಡಿಸುವ ಉದ್ದೇಶವೇ ಚಿತ್ರಕಾರನಿಗೆ ಇಲ್ಲ. ಸಂತ ಆಕಾಶದಿಂದ ಇಳಿದವನಲ್ಲ, ಆ ಜನರೊಳಗಿಂದಲೇ ತಲೆಯೆತ್ತಿದವನು ಎಂಬುದನ್ನು ಬಣ್ಣದಲ್ಲಿ ಹೀಗೆ ಹೇಳಬಹುದು ಎಂದು ಅದಕ್ಕೆ ಮೊದಲು ನಮ್ಮ ದೇಶದಲ್ಲಿ ಹೆಚ್ಚು ಮಂದಿ ತೋರಿಸಿರಲಿಲ್ಲ.

ಇಲ್ಲಿ ಗುರುತಿಸಲಾಗಿರುವ ಪ್ರಮುಖ ಸಂತರಲ್ಲಿ ನಮ್ಮ ವಚನಕಾರರಿಲ್ಲ ಎಂಬ ಕೊರಗು ಕನ್ನಡಿಗನಿಗೆ ಬಾರದಿರದು. ಹಿಂದಿ ಭವನದ ಗೋಡೆಯಾದ್ದರಿಂದ ಹಿಂದಿಯ ಸಂತಪರಂಪರೆಯೇ ಮುಖ್ಯವಾದದ್ದು ಸಹಜ. ರಾಮಾನುಜರು ದಕ್ಷಿಣದ ಭಕ್ತಿಯ ಮೂಲವೆಂದು ಅಲ್ಲಿ ಬಂದಿದ್ದಾರೆ. ಸಂಪ್ರದಾಯದ ಪ್ರಕಾರ ಅವರು ನಮ್ಮ ಮೇಲುಕೋಟೆಯಲ್ಲಿ ಹಲವು ವರ್ಷ ನೆಲೆಸಿದ್ದವರು. ಆದರೆ ಕಬೀರರ ಮಗ್ಗವನ್ನು ಕಂಡಾಗ ನಮ್ಮ ಜೇಡರ ದಾಸಿಮಯ್ಯ ನೆನಪಾಗದಿರಲು ಸಾಧ್ಯವೆ? ಮುದನೂರಿನ ಆ ನೇಕಾರ ಬಸವಣ್ಣನವರಿಗಿಂತ ಮೊದಲಿನವನೆಂದು ವಿದ್ವಾಂಸರು ಹೇಳುತ್ತ ಬಂದಿದ್ದಾರೆ. ಕಾಶಿಯ ನೇಕಾರ ಹದಿನೈದನೆಯ ಶತಮಾನದವನು. ಭಾಷೆ ಬೇರೆ, ಸೀಮೆ ಬೇರೆ. ಕುಣಿ ಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂರುವ ಭಂಗಿ ಒಂದೇ.

ಸೂರದಾಸರು ಅಂಧರೆಂಬುದು ಪರಂಪರೆಯ ನಂಬಿಕೆ. ಅವರನ್ನು ಚಿತ್ರಿಸಿದ ಬಿನೋದಬಿಹಾರಿ ಹತ್ತು ವರ್ಷಗಳ ಅನಂತರ, ೧೯೫೭ರಲ್ಲಿ, ಕಣ್ಣಿನ ಶಸ್ತ್ರಚಿಕಿತ್ಸೆ ಫಲಿಸದೆ ಉಳಿದ ದೃಷ್ಟಿಯನ್ನೂ ಕಳೆದುಕೊಂಡರು. ಚಿತ್ರಕಾರನಿಗೆ ಇದಕ್ಕಿಂತ ದೊಡ್ಡ ಆಘಾತ ಯಾವುದಿದ್ದೀತು? ಅವರು ಶಾಂತಿನಿಕೇತನಕ್ಕೆ ಮರಳಿ ಪಾಠ ಹೇಳಿದರು. ಬೆರಳುಗಳಿಂದ ಕಾಗದ ಮಡಿಚಿ ಕತ್ತರಿಸಿ ಚಿತ್ರ ಮಾಡಿದರು. ಜೇಡಿಮಣ್ಣಿನಲ್ಲಿ ಸಣ್ಣ ಮೂರ್ತಿಗಳನ್ನು ತಿದ್ದಿದರು. ೧೯೭೨ರಲ್ಲಿ ಕಲಾಭವನದ ಗೋಡೆಗೆ ಹೆಂಚಿನ ಬಿಲ್ಲೆಗಳ ದೊಡ್ಡ ಭಿತ್ತಿಚಿತ್ರವನ್ನೇ ರಚಿಸಿದರು. ಅವರ ಹಳೆಯ ವಿದ್ಯಾರ್ಥಿ ಸತ್ಯಜಿತ್ ರಾಯ್ ಅದೇ ವರ್ಷ ಗುರುವಿನ ಮೇಲೆ 'ದಿ ಇನ್ನರ್ ಐ' ಎಂಬ ಕಿರುಚಿತ್ರ ತೆಗೆದರು. ಕಪ್ಪು ಕನ್ನಡಕದ ಆ ವೃದ್ಧರ ಬೆರಳುಗಳು ಕಾಗದದ ಮೇಲೆ ಆಡುವುದನ್ನು ಅದರಲ್ಲಿ ನೋಡಬೇಕು. ೧೯೮೦ರಲ್ಲಿ ಅವರು ತೀರಿಕೊಂಡರು. ಬಿನೋದಬಿಹಾರಿಯವರನ್ನು ಸಂತರೆಂದು ಕರೆಯುವ ಅವಸರ ನಮಗೆ ಬೇಡ. ಕಾಯಕ ಎಂಬ ಮಾತಿಗೆ ಮಾತ್ರ ಅವರ ಬದುಕಿನಲ್ಲಿ ಧಾರಾಳವಾಗಿ ಅರ್ಥ ಸಿಗುತ್ತದೆ.

ಮುಖವಿಲ್ಲದ ಸಂತ

ಇದೇ ಸುಮಾರಿಗೆ ಫ್ರಾನ್ಸ್ ದೇಶದ ದಕ್ಷಿಣದಲ್ಲಿ ಇನ್ನೊಬ್ಬ ಚಿತ್ರಕಾರ ಸಂತನೊಬ್ಬನನ್ನು ಗೋಡೆಯ ಮೇಲೆ ಬರೆಯಲು ಕುಳಿತಿದ್ದರು. ಅವರು ಆಂರಿ ಮಾತೀಸ್. ಬಣ್ಣಗಳ ಸೊಗಸಿಗಾಗಿ ಜಗತ್ಪ್ರಸಿದ್ಧರಾದ ಅವರು ದೈವಭಕ್ತರೆಂದು ಹೆಸರಾದವರಲ್ಲ. ೧೯೪೧ರಲ್ಲಿ ಕರುಳಿನ ಕ್ಯಾನ್ಸರ್ ಕಾಯಿಲೆಗೆ ದೊಡ್ಡ ಶಸ್ತ್ರಚಿಕಿತ್ಸೆಯಾಗಿ ಹಾಸಿಗೆ ಹಿಡಿದಿದ್ದಾಗ ಮೋನಿಕ್ ಬೂರ್ಜ್ವಾ ಎಂಬ ತರುಣಿ ದಾದಿಯಾಗಿ ಬಂದು ಶುಶ್ರೂಷೆ ಮಾಡಿದಳು. ಮುಂದೆ ಆಕೆ ಸಂತ ಡೊಮಿನಿಕ್ ಪಂಥದ ಸಂನ್ಯಾಸಿನಿಯಾಗಿ ವಾನ್ಸ್ ಎಂಬ ಊರಿನ ಆಶ್ರಮ ಸೇರಿದಳು. ಅಲ್ಲಿಯ ಸಂನ್ಯಾಸಿನಿಯರಿಗೆ ಒಂದು ಪ್ರಾರ್ಥನಾಮಂದಿರ ಬೇಕಾಗಿತ್ತು. ಎಪ್ಪತ್ತೆಂಟರ ಪ್ರಾಯದ ಮಾತೀಸ್ ಅದರ ಹೊಣೆ ಹೊತ್ತು, ಕಿಟಕಿ, ಗೋಡೆ, ದೀಪಸ್ತಂಭ, ಪುರೋಹಿತರ ನಿಲುವಂಗಿ ಎಲ್ಲವನ್ನೂ ತಾವೇ ರೂಪಿಸಿದರು. ನಿಲ್ಲಲು ತ್ರಾಣವಿಲ್ಲದಿದ್ದಾಗ ಗಾಲಿಕುರ್ಚಿಯಲ್ಲಿ ಕುಳಿತು ಉದ್ದನೆಯ ಬಿದಿರುಕೋಲಿನ ತುದಿಗೆ ಇದ್ದಿಲು ಕಟ್ಟಿಕೊಂಡು ಬರೆಯುತ್ತಿದ್ದರು. ೧೯೫೧ರ ಜೂನ್ ತಿಂಗಳಲ್ಲಿ ಮಂದಿರದ ಪ್ರತಿಷ್ಠೆಯಾದಾಗ ಅನಾರೋಗ್ಯದಿಂದ ಅವರು ಹೋಗಲಾಗಲಿಲ್ಲ.

ಅಲ್ಲಿ ಸಂತ ಡೊಮಿನಿಕ್ ಬಿಳಿಯ ಹೊಳಪು ಬಿಲ್ಲೆಗಳ ಮೇಲೆ ಬರಿಯ ಕಪ್ಪು ಗೆರೆಗಳಲ್ಲಿ ನಿಂತಿದ್ದಾನೆ. ನಿಲುವಂಗಿಯ ನಾಲ್ಕಾರು ಮಡಿಕೆಗಳು, ಗ್ರಂಥ ಹಿಡಿದ ಕೈ. ಮುಖದ ಜಾಗದಲ್ಲಿ ಒಂದು ಅಂಡಾಕಾರ. ಒಳಗೆ ಕಣ್ಣಿಲ್ಲ, ಮೂಗಿಲ್ಲ, ಬಾಯಿಲ್ಲ. ಎದುರಿನ ಕಿಟಕಿಗಳಲ್ಲಿ ನೀಲಿ, ಹಸುರು, ಹಳದಿ ಗಾಜು. ಬಿಸಿಲು ಏರಿದಂತೆ ಆ ಬಣ್ಣಗಳು ಬಿಳಿಯ ಗೋಡೆಯ ಮೇಲೆ ಬಿದ್ದು ಸರಿಯುತ್ತ ಹೋಗುತ್ತವೆ. ಸಂತ ಮಾತ್ರ ಗೆರೆಯಾಗಿಯೇ ಉಳಿಯುತ್ತಾನೆ. ಇಂತಹ ಮುಖವಿಲ್ಲದ ಚಿತ್ರವನ್ನು ಪೂಜಾಸ್ಥಳದಲ್ಲಿ ಒಪ್ಪಿಕೊಳ್ಳುವುದು ಹೇಗೆಂದು ಅನೇಕ ಭಕ್ತರಿಗೆ ತೋಚದೇ ಹೋಗಿರಬಹುದು. ಅದು ನಮಗೂ ಅರ್ಥವಾಗುವ ಕಷ್ಟವೇ.

ಆದರೆ ಲಿಂಗಾಯತರಾದ ನಮಗೆ ಇದನ್ನು ಒಪ್ಪಲು ಬೇರೆಯವರಿಗಿಂತ ಸುಲಭವಾಗಬೇಕು. ಅಂಗೈಯಲ್ಲಿ ಹಿಡಿದು ದಿನವೂ ನಾವು ದೃಷ್ಟಿ ನೆಡುವ ಇಷ್ಟಲಿಂಗಕ್ಕೆ ಕಣ್ಣು ಮೂಗುಗಳಿಲ್ಲ. ಕಂತೆಯ ಕರಿಯ ಹೊಳಪಿನಲ್ಲಿ ರೂಪವಿಲ್ಲದ್ದನ್ನೇ ಕಾಣುವ ಅಭ್ಯಾಸ ನಮ್ಮ ಅಜ್ಜ ಅಜ್ಜಿಯರಿಗೆ ಇತ್ತು. ಅಲ್ಲಮಪ್ರಭುಗಳು ಬಯಲು ಎಂದು ಕರೆದುದನ್ನು ಬಣ್ಣದಲ್ಲಿ ಬರೆಯಬೇಕಾಗಿ ಬಂದರೆ ಮುಖ ಎಷ್ಟರಮಟ್ಟಿಗೆ ಬೇಕು? ಗದ್ದುಗೆಯ ಮೇಲೆ ಜಡೆ ಹರಡಿ ಕುಳಿತ ಅಲ್ಲಮರ ಪಟಗಳನ್ನು ನಾವು ಕಂಡಿದ್ದೇವೆ. ನಾಲ್ಕು ಗೆರೆಗಳಲ್ಲಿ ಬಂದು ಮಾಯವಾಗುವ ಅಲ್ಲಮರನ್ನು ಯಾರಾದರೂ ಬರೆದುಕೊಟ್ಟರೆ ಅವರನ್ನು ಗದರಿಸದೆ ಆ ಚಿತ್ರದ ಮುಂದೆ ಸ್ವಲ್ಪ ಹೊತ್ತು ಕೂರುವ ತಾಳ್ಮೆ ನಮಗಿರಬೇಕು.

ಶರಣರು ಮತ್ತು ನಮ್ಮ ಕಲಾವಿದರು

ತಾಳ್ಮೆಯ ಮಾತು ಬಂದಿತು. ನಮ್ಮಲ್ಲಿ ಶರಣರನ್ನು ಕುರಿತು ಆಧುನಿಕ ಕಲೆ ಹೆಚ್ಚು ಗಂಭೀರವಾಗಿ ಕೆಲಸ ಮಾಡಿರುವುದು ರಂಗಭೂಮಿಯಲ್ಲಿ. ಪಿ. ಲಂಕೇಶರ 'ಸಂಕ್ರಾಂತಿ', ಎಚ್. ಎಸ್. ಶಿವಪ್ರಕಾಶರ 'ಮಹಾಚೈತ್ರ', ಗಿರೀಶ ಕಾರ್ನಾಡರ 'ತಲೆದಂಡ', ಚಂದ್ರಶೇಖರ ಕಂಬಾರರ 'ಶಿವರಾತ್ರಿ', ಈ ನಾಟಕಗಳೆಲ್ಲ ಕಲ್ಯಾಣದ ಆ ದಾರುಣ ದಿನಗಳ ಸುತ್ತಲೇ ತಿರುಗುತ್ತವೆ. ೧೯೯೦ರಲ್ಲಿ ಪ್ರಕಟವಾದ 'ತಲೆದಂಡ'ಕ್ಕೆ ೧೯೯೪ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. 'ಮಹಾಚೈತ್ರ'ವನ್ನು ಪಠ್ಯವಾಗಿರಿಸಿದಾಗ ೧೯೯೦ರ ದಶಕದಲ್ಲಿ ನಮ್ಮ ಸಮಾಜದಿಂದ ತೀವ್ರ ಪ್ರತಿಭಟನೆ ನಡೆದುದು ಹಿರಿಯ ಓದುಗರಿಗೆ ನೆನಪಿರಬಹುದು.

ಆ ನೋವನ್ನು ಹಗುರವಾಗಿ ಕಾಣಬಾರದು. ಮನೆಯಲ್ಲಿ ತಂದೆತಾಯಿಗಳಿಗಿಂತ ಹೆಚ್ಚಾಗಿ ಗೌರವಿಸುವ ಬಸವಣ್ಣನವರು ರಂಗದ ಮೇಲೆ ಕಳವಳಪಡುವ, ಸೋಲುವ, ದಾರಿ ಕಾಣದೆ ನಿಲ್ಲುವ ಮನುಷ್ಯನಾಗಿ ಬಂದಾಗ ಭಕ್ತನ ಮನಸ್ಸು ಮುದುಡುತ್ತದೆ. ಇನ್ನು ಕೆಲವೊಮ್ಮೆ ಕಲಾವಿದನಿಗೆ ಸಂತ ಬೇಕಾಗಿರುವುದಿಲ್ಲ. ತನ್ನ ಕಾಲದ ರಾಜಕೀಯವನ್ನು ನೇತುಹಾಕಲು ಒಂದು ಗೂಟ ಬೇಕಾಗಿರುತ್ತದೆ. ಅಂತಹ ಕೃತಿಗಳು ಬಹುದಿನ ನಿಲ್ಲುವುದಿಲ್ಲ. ಆದರೆ ಎಲ್ಲವನ್ನೂ ಅದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ. ಈ ಲೇಖಕನ ಅಭಿಪ್ರಾಯದಲ್ಲಿ ಕಳವಳಪಡುವ ಬಸವಣ್ಣನೇ ವಚನಗಳಿಗೆ ಹೆಚ್ಚು ಹತ್ತಿರದವನು. ತನ್ನ ಮನಸ್ಸನ್ನು ತಾನೇ ಅಷ್ಟು ನಿರ್ದಾಕ್ಷಿಣ್ಯವಾಗಿ ಟೀಕಿಸಿಕೊಂಡ ಮತ್ತೊಬ್ಬ ಮಂತ್ರಿಯನ್ನು ಚರಿತ್ರೆಯಲ್ಲಿ ಹುಡುಕಿ ತೆಗೆಯುವುದು ಕಷ್ಟ. ಕ್ಯಾಲೆಂಡರಿನ ಪ್ರಸನ್ನವದನ ಆ ವಚನಗಳನ್ನು ಬರೆದಿರಲಾರದು ಎಂದು ಒಮ್ಮೊಮ್ಮೆ ಅನಿಸುತ್ತದೆ.

ನಮ್ಮ ಪರಂಪರೆಯೇ ಈ ವಿಷಯದಲ್ಲಿ ಕಲಾವಿದನ ಬೆನ್ನಿಗಿದೆ. ಹರಿಹರ ಪಂಡಿತರಿಗೆ ಪ್ರಿಯವಾದ ಚಂಪೂ ಮಾರ್ಗವನ್ನು ಬಿಟ್ಟು ಓಡುವ ರಗಳೆಯಲ್ಲಿ ಶರಣರ ಕಥೆ ಹೇಳಿದಾಗ ಅದು ಅಂದಿನ ಹೊಸ ಕಲೆ. ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯ ಬಿಡಿಬಿಡಿ ವಚನಗಳನ್ನು ಹೆಕ್ಕಿ, ಪ್ರಶ್ನೋತ್ತರಗಳಾಗಿ ಹೆಣೆದು, ಅನುಭವ ಮಂಟಪವನ್ನು ಕಣ್ಣೆದುರು ನಿಲ್ಲಿಸಿ 'ಶೂನ್ಯಸಂಪಾದನೆ'ಯನ್ನು ಕಟ್ಟಿದಾಗ ಅದೂ ಹೊಸ ಕಲೆಯೇ. ಅದು ಒಂದು ಬಗೆಯ ನಾಟಕವೆಂದರೂ ಸಲ್ಲುತ್ತದೆ. ಅವನ ಅನಂತರ ಬಂದವರು ಅಷ್ಟಕ್ಕೆ ಸುಮ್ಮನಾಗದೆ ಅದನ್ನು ಮತ್ತೆ ಮತ್ತೆ ಪರಿಷ್ಕರಿಸಿದರು. ಗೂಳೂರು ಸಿದ್ಧವೀರಣ್ಣೊಡೆಯರದು ಅಂತಹ ಪರಿಷ್ಕರಣಗಳಲ್ಲಿ ಒಂದು. ಅಲ್ಲಿ ಪ್ರಭುದೇವರು ಅಕ್ಕನನ್ನು ಎಲ್ಲರೆದುರು ನಿಷ್ಠುರವಾಗಿ ಪರೀಕ್ಷಿಸುತ್ತಾರೆ. ಸಿದ್ಧರಾಮರ ಕೆರೆಕಟ್ಟೆಗಳ ಹೆಮ್ಮೆಯನ್ನೇ ಪ್ರಶ್ನಿಸುತ್ತಾರೆ. ಪ್ರಶ್ನೆಗೆ ಒಳಗಾಗದ ಶರಣ ಆ ಗ್ರಂಥದಲ್ಲಿ ಒಬ್ಬರೂ ಇಲ್ಲ. ಇಂದಿನ ನಾಟಕಕಾರ ಪ್ರಶ್ನೆ ಕೇಳಿದರೆ ಅದನ್ನು ಮಾತ್ರ ಧರ್ಮದ್ರೋಹವೆಂದು ಬಗೆಯುವುದು ಎಷ್ಟು ಸರಿ?

ಮಠಗಳೇ ಈ ದಿಕ್ಕಿನಲ್ಲಿ ಹೆಜ್ಜೆ ಇಟ್ಟ ಉದಾಹರಣೆ ನಮ್ಮಲ್ಲಿದೆ ಎಂಬುದು ಸಮಾಧಾನದ ಸಂಗತಿ. ಚಿತ್ರದುರ್ಗ ಜಿಲ್ಲೆ ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ ಶ್ರೀ ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮಿಗಳು ಮಠದ ಆವರಣದಲ್ಲಿಯೇ ರಂಗಮಂದಿರ ಕಟ್ಟಿಸಿದರು. ೧೯೯೭ರಲ್ಲಿ ಆರಂಭವಾದ 'ಶಿವಸಂಚಾರ' ತಂಡ ಹಳ್ಳಿ ಪಟ್ಟಣಗಳಿಗೆ ನಾಟಕಗಳನ್ನು ಕೊಂಡೊಯ್ಯಿತು. ಜಾತ್ರೆಗೆ ಬಂದ ರೈತ ಕುಟುಂಬವೊಂದು ಕಂಬಳಿ ಹಾಸಿ ಕುಳಿತು ಗಂಭೀರ ನಾಟಕ ನೋಡುವಂತೆ ಮಾಡುವುದು ಸಣ್ಣ ಸಾಧನೆಯಲ್ಲ.

ಚಿತ್ರ, ಶಿಲ್ಪಗಳ ವಿಷಯದಲ್ಲಿ ಇಷ್ಟು ಸಂತೋಷದಿಂದ ಬರೆಯಲಾಗದು. ಕಳೆದ ಕಾಲು ಶತಮಾನದಲ್ಲಿ ಬಸವಣ್ಣನವರ ಪ್ರತಿಮೆಗಳು ಬಹಳ ಎದ್ದಿವೆ. ೨೦೦೩ರಲ್ಲಿ ಸಂಸತ್ ಭವನದ ಆವರಣದಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಂ ಅವರು ಪ್ರತಿಮೆಯನ್ನು ಅನಾವರಣ ಮಾಡಿದರು; ೨೦೧೨ರಲ್ಲಿ ಬಸವಕಲ್ಯಾಣದಲ್ಲಿ ೧೦೮ ಅಡಿಯ ಮೂರ್ತಿ ನಿಂತಿತು; ೨೦೧೫ರ ನವೆಂಬರ್ ತಿಂಗಳಲ್ಲಿ ಲಂಡನ್ನಿನ ಥೇಮ್ಸ್ ನದಿಯ ದಡದಲ್ಲಿ ಪ್ರಧಾನಿ ನರೇಂದ್ರ ಮೋದಿಯವರಿಂದ ಅರ್ಧಪ್ರತಿಮೆಯ ಅನಾವರಣವಾಯಿತು. ಅಭಿಮಾನಪಡಬೇಕಾದ ಸಂದರ್ಭಗಳೇ ಇವು. ಆದರೆ ಅಳತೆ ಅಡಿಗಳಲ್ಲಿ ಹೆಚ್ಚುತ್ತ ಹೋದಂತೆ ಪಾದದ ಬಳಿ ನಿಂತ ಮಗುವಿಗೆ ಕಾಣುವುದು ಪಾದವೊಂದೇ. ಸ್ಥಾವರ ಜಂಗಮಗಳ ಭೇದವನ್ನು ಲೋಕಕ್ಕೆ ತಿಳಿಸಿದವರನ್ನು ನಾವು ಎಷ್ಟು ಸ್ಥಾವರ ಮಾಡಬಹುದೆಂಬ ಬಗ್ಗೆ ಸಮಾಜದ ಹಿರಿಯರು ಕುಳಿತು ಯೋಚಿಸಬೇಕಾಗಿದೆ. ಅಕ್ಕಮಹಾದೇವಿಯವರ ಪಟಗಳ ಬಗ್ಗೆಯೂ ಒಂದು ಮಾತು. ಅರಮನೆಯನ್ನೂ ಉಟ್ಟ ಬಟ್ಟೆಯನ್ನೂ ತೊರೆದು ಕಾಡುಮೇಡು ಹತ್ತಿದ ಆ ತಾಯಿಯ ಕೂದಲನ್ನು ಆಗತಾನೆ ಬಾಚಿ ಎಣ್ಣೆ ಹಚ್ಚಿದಂತೆ ಚಿತ್ರಿಸುವವರಿಗೆ ಉಡುತಡಿಯಿಂದ ಶ್ರೀಶೈಲದವರೆಗಿನ ಹಾದಿಯ ಧೂಳು ನೆನಪಿಗೆ ಬಂದಂತೆ ತೋರುವುದಿಲ್ಲ. ಮಧುಶ್ರೀ ದತ್ತ ಎಂಬ ನಿರ್ದೇಶಕಿ ೨೦೦೦ದಲ್ಲಿ ಅಕ್ಕನನ್ನು ಕುರಿತು ಒಂದು ಚಲನಚಿತ್ರ ಮಾಡಿದ್ದಾರೆ. ನೋಡಿದವರೆಲ್ಲ ಅದನ್ನು ಒಪ್ಪಬೇಕೆಂದಿಲ್ಲ. ಕನ್ನಡನಾಡಿನ ಹೊರಗಿನವರಿಗೂ ಅಕ್ಕ ಇನ್ನೂ ಸುಮ್ಮನಿರಗೊಡದ ವ್ಯಕ್ತಿತ್ವ ಎಂಬುದು ಅದರಿಂದ ತಿಳಿಯುತ್ತದೆ.

ನಿಜವಾಗಿ ಚಿತ್ರಕಾರನಿಗೆ ಬೇಕಾದ ಸಾಮಗ್ರಿ ನಮ್ಮ ಶರಣರ ಹೆಸರುಗಳಲ್ಲೇ ಇದೆ. ಅಂಬಿಗರ ಚೌಡಯ್ಯ, ಮಡಿವಾಳ ಮಾಚಿದೇವ, ಮಾದಾರ ಚೆನ್ನಯ್ಯ, ಕನ್ನಡಿ ಕಾಯಕದ ಅಮ್ಮಿದೇವಯ್ಯ. ಹೆಸರು ಹೇಳಿದೊಡನೆ ದೋಣಿ, ಒಗೆಯುವ ಬಂಡೆ, ತೊಗಲು, ಕನ್ನಡಿ ಕಣ್ಣಿಗೆ ಬರುತ್ತವೆ. ಆದರೆ ನಮ್ಮ ಸಾಮಾನ್ಯ ಚಿತ್ರಪಟದಲ್ಲಿ ಇವರೆಲ್ಲರೂ ಒಂದೇ ಅಚ್ಚಿನಲ್ಲಿ ಎರಕಹೊಯ್ದಂತೆ ಆಶೀರ್ವದಿಸುವ ಕೈಯೆತ್ತಿ ಕುಳಿತಿರುತ್ತಾರೆ. ಅಡಿಯಲ್ಲಿ ಹೆಸರಿಲ್ಲದಿದ್ದರೆ ಅಂಬಿಗ ಯಾರು, ಮಡಿವಾಳ ಯಾರು ಎಂದು ಹೇಳುವಂತಿಲ್ಲ.

ನುಲಿಯ ಚಂದಯ್ಯನ ಪ್ರಸಂಗವನ್ನೇ ತೆಗೆದುಕೊಳ್ಳೋಣ. ಹಗ್ಗ ಹೊಸೆಯಲು ಹುಲ್ಲು ಕೊಯ್ಯುತ್ತಿದ್ದಾಗ ಇಷ್ಟಲಿಂಗ ಜಾರಿ ನೀರಿಗೆ ಬೀಳುತ್ತದೆ. ಚಂದಯ್ಯ ಕಾಯಕ ಬಿಟ್ಟು ಅದನ್ನು ಎತ್ತಿಕೊಳ್ಳಲು ಒಪ್ಪುವುದಿಲ್ಲ. ಹೊರೆ ಹೊತ್ತು ಹೊರಡುತ್ತಾನೆ. ಲಿಂಗವೇ ಅವನ ಬೆನ್ನು ಹತ್ತಿ ಬರುತ್ತದೆ. ಕೊನೆಗೆ ಮಡಿವಾಳ ಮಾಚಿದೇವ ನಡುವೆ ಬಂದು ತೀರ್ಮಾನ ಹೇಳಬೇಕಾಗುತ್ತದೆ. ತಲೆಯ ಮೇಲೆ ಹುಲ್ಲಿನ ಹೊರೆ, ಹಿಂದೆ ಬೇಡುತ್ತ ಬರುವ ಶಿವ! ಇದಕ್ಕಿಂತ ಜೀವಂತವಾದ ವಸ್ತು ಯಾವ ದೇಶದ ಚಿತ್ರಕಾರನಿಗೆ ಸಿಕ್ಕೀತು? ಆಯ್ದಕ್ಕಿ ಮಾರಯ್ಯ ಒಂದು ದಿನ ಹೆಚ್ಚು ಅಕ್ಕಿ ಆಯ್ದು ತಂದಾಗ ಅದನ್ನು ಅಲ್ಲಿಯೇ ಸುರಿದು ಬಾ ಎಂದು ಬಾಗಿಲಲ್ಲೇ ತಡೆದ ಲಕ್ಕಮ್ಮನ ಆ ನಿಲುವನ್ನು ಬರೆಯಲು ಕಿರೀಟವೂ ಬೇಡ, ಪ್ರಭಾವಳಿಯೂ ಬೇಡ. ಒಂದು ಮೊರ, ಒಂದು ಹೊಸ್ತಿಲು ಸಾಕು.

ಮಠಗಳು, ಸಂಘಗಳು, ಶಾಲಾ ಕಾಲೇಜುಗಳು ನಮ್ಮಲ್ಲಿ ಗೋಡೆಗಳನ್ನು ಬೇಕಾದಷ್ಟು ಕಟ್ಟುತ್ತಿವೆ. ಕಲ್ಯಾಣಮಂಟಪವೊಂದರ ಅಲಂಕಾರಕ್ಕೆ ಆಗುವ ಖರ್ಚಿನ ಒಂದು ಪಾಲನ್ನು ಒಬ್ಬ ನುರಿತ ಚಿತ್ರಕಾರನಿಗೂ ಅವನ ನಾಲ್ಕು ಶಿಷ್ಯರಿಗೂ ಕೊಟ್ಟು, ಒಂದು ವರ್ಷ ಕಾಲಾವಕಾಶವನ್ನೂ ವಚನಗಳ ಸಂಪುಟಗಳನ್ನೂ ಮುಂದಿಟ್ಟು, ಮುಖ ಹೀಗೆಯೇ ಇರಬೇಕೆಂದು ಕಟ್ಟಳೆ ವಿಧಿಸದೆ ಬಿಟ್ಟರೆ ಏನು ಬರೆದಾನೆಂದು ನೋಡುವ ಕುತೂಹಲ ಯಾವ ಆಡಳಿತ ಮಂಡಲಿಗಾದರೂ ಹುಟ್ಟಲಿ. ದಾಸೋಹದಲ್ಲಿ ನಮ್ಮ ಸಮಾಜ ಎಂದೂ ಹಿಂದೆ ಬಿದ್ದಿಲ್ಲ. ಕಲೆಗೂ ಅದರಲ್ಲಿ ಒಂದು ಪಂಕ್ತಿ ಇರಬಹುದು.

ಕಾಶಿಯ ಜಂಗಮವಾಡಿ ಮಠಕ್ಕೆ ಯಾತ್ರೆ ಹೋಗುವ ಕುಟುಂಬಗಳು ನಮ್ಮ ಓದುಗರಲ್ಲಿ ಅನೇಕರಿದ್ದಾರೆ. ಅವರಲ್ಲಿ ಕೆಲವರು ಕೋಲ್ಕತ್ತದವರೆಗೂ ಪ್ರಯಾಣ ಮುಂದುವರಿಸುತ್ತಾರೆ. ಹೌರಾ ನಿಲ್ದಾಣದಿಂದ ಬೋಲ್ಪುರಕ್ಕೆ ರೈಲಿದೆ. ಶಾಂತಿನಿಕೇತನ ಅಲ್ಲಿಂದ ಹತ್ತಿರ. ೨೦೨೩ರ ಸೆಪ್ಟೆಂಬರಿನಲ್ಲಿ ಯುನೆಸ್ಕೊ ಅದನ್ನು ವಿಶ್ವಪರಂಪರೆಯ ತಾಣಗಳ ಪಟ್ಟಿಗೆ ಸೇರಿಸಿತು. ವಿಶ್ವಭಾರತಿಯ ಒಳಗಿನ ಕಟ್ಟಡಗಳ ಪ್ರವೇಶಕ್ಕೆ ನಿಯಮಗಳಿರುವುದರಿಂದ ಮೊದಲೇ ಪತ್ರ ಬರೆದು ಅನುಮತಿ ಕೇಳುವುದು ಒಳ್ಳೆಯದು. ಹಿಂದಿ ಭವನದೊಳಗೆ ಹೋಗಲು ಅವಕಾಶ ಸಿಕ್ಕಿದರೆ ಜೊತೆಯಲ್ಲಿರುವ ಮಕ್ಕಳಿಗೆ ಮೊದಲೇ ಏನನ್ನೂ ವಿವರಿಸಬೇಡಿ. ಸಭಾಂಗಣದ ನಡುವೆ ನಿಲ್ಲಿಸಿ, ಆ ಜನಜಂಗುಳಿಯಲ್ಲಿ ಮಗ್ಗ ಎಲ್ಲಿದೆ ಹುಡುಕಿ ಎಂದಷ್ಟೇ ಹೇಳಿ.